ಹುಣ್ಣಿಗಿಂತ ಮೊದಲು ಹೂ: ಅಮೆರಿಕನ್ ಚೆಸ್ಟ್‌ನಟ್ ಉಳಿಸುವ ಕೆಲಸ

ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಸಾಲಿನ ಕಾಲುದಾರಿಗಳಲ್ಲಿ ನಡೆಯುವವರು ಅಮೆರಿಕನ್ ಚೆಸ್ಟ್‌ನಟ್ ಎಂಬ ಮರವನ್ನು ಗುರುತಿಸದೆಯೇ ದಾಟಿಹೋಗುತ್ತಾರೆ. ದೊಡ್ಡ ಮರಕ್ಕಾಗಿ ಹುಡುಕಿದರೆ ಸಿಗುವುದಿಲ್ಲ. ಒಂದೇ ಬುಡದಿಂದ ಎದ್ದ ನಾಲ್ಕಾರು ಕೋಲುಗಳು, ಹೆಬ್ಬೆರಳಿನಿಂದ ಮುಂಗೈವರೆಗಿನ ದಪ್ಪ, ಅವುಗಳಲ್ಲಿ ಒಂದೆರಡು ಒಣಗಿ ನಿಂತಿರುತ್ತವೆ, ಅಷ್ಟೇ. ಆ ಕೋಲುಗಳನ್ನು ಹೊತ್ತ ಬೇರು ಮಾತ್ರ ಎಷ್ಟೋ ಕಡೆ ಶತಮಾನದಷ್ಟು ಹಳೆಯದು.

1904ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ಆವರಣದಲ್ಲಿ ಈ ಮರಗಳು ಸಾಯುತ್ತಿರುವುದು ಕಣ್ಣಿಗೆ ಬಿತ್ತು. ಏಷ್ಯಾದಿಂದ ತರಿಸಿದ ಚೆಸ್ಟ್‌ನಟ್ ಸಸಿಗಳ ಜೊತೆ ಬಂದಿದ್ದ ಕ್ರಿಫೊನೆಕ್ಟ್ರಿಯಾ ಪ್ಯಾರಸಿಟಿಕಾ ಎಂಬ ಶಿಲೀಂಧ್ರ ಅದಕ್ಕೆ ಕಾರಣ. ಮುಂದಿನ ಐವತ್ತು ವರ್ಷಗಳಲ್ಲಿ ಮೇಯ್ನ್‌ನಿಂದ ಅಲಬಾಮಾವರೆಗೆ 300ರಿಂದ 400 ಕೋಟಿ ಮರಗಳು ಹೋದವು. ತೊಗಟೆಯ ಬಿರುಕಿನಲ್ಲೋ ಗಾಯದಲ್ಲೋ ಒಳಹೊಕ್ಕ ಶಿಲೀಂಧ್ರ ಆಕ್ಸಾಲಿಕ್ ಆಮ್ಲ ಸುರಿಸಿ ತೊಗಟೆಯಡಿಯ ಜೀವಂತ ಪದರವನ್ನು ಕೊಲ್ಲುತ್ತಾ ಹರಡುತ್ತದೆ. ಹೀಗಾದ ಹುಣ್ಣು ಕಾಂಡವನ್ನು ಪೂರ್ತಿ ಸುತ್ತಿಕೊಂಡ ದಿನ ಅದರ ಮೇಲಿನ ಭಾಗ ಸತ್ತಂತೆ. ಆದರೆ ಮಣ್ಣಿನೊಳಗೆ ಅದರ ಆಟ ನಡೆಯದು. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬೆಳೆಯಗೊಡುವುದಿಲ್ಲ. ಹಾಗಾಗಿ ಬೇರು ಉಳಿಯುತ್ತದೆ, ಮತ್ತೆ ಚಿಗುರುತ್ತದೆ, ಚಿಗುರು ಬಲಿತು ತೊಗಟೆ ಬಿರಿಯುವ ಹೊತ್ತಿಗೆ ಮತ್ತೆ ಹುಣ್ಣು. ಹೆಚ್ಚಿನವು ಹೂ ಬಿಡುವ ವಯಸ್ಸನ್ನು ಮುಟ್ಟುವುದೇ ಇಲ್ಲ.

ಈ ಮರವನ್ನು ಉಳಿಸಲು ಹೊರಟ ಸ್ವಯಂಸೇವಕರ ಕೆಲಸವೆಲ್ಲ ಇರುವುದು ಈ ಸಣ್ಣ ಅವಧಿಯಲ್ಲೇ. ಹುಣ್ಣು ಕೊಲ್ಲುವ ಮೊದಲು ಆ ಬೇರಿನಿಂದ ಒಮ್ಮೆಯಾದರೂ ಬೀಜ ಪಡೆಯಬೇಕು, ಅದನ್ನು ಬೇರೆಡೆ ಬೆಳೆಸಿ ವಂಶ ಉಳಿಸಬೇಕು. ರೋಗ ತಡೆಯುವ ತಳಿಯನ್ನು ವಿಜ್ಞಾನಿಗಳು ತಯಾರಿಸಿ ಕೊಟ್ಟಾರು. ಆದರೆ ಮೇಯ್ನ್‌ನ ಚಳಿಗೂ ಜಾರ್ಜಿಯಾದ ಸೆಕೆಗೂ ಹೊಂದಿಕೊಂಡ ನೂರಾರು ಕಾಡುತಾಯಿಗಳ ರಕ್ತ ಅದರಲ್ಲಿ ಸೇರದಿದ್ದರೆ ಅದು ತೋಟದ ಮರವಾದೀತೇ ಹೊರತು ಕಾಡಿನ ಮರವಾಗದು. 1983ರಲ್ಲಿ ಶುರುವಾದ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್‌ನ ರಾಜ್ಯವಾರು ಶಾಖೆಗಳು ಈ ತಾಯಿಗಿಡಗಳ ಹಿಂದೆ ಬಿದ್ದಿರುವುದು ಅದಕ್ಕೇ. ವರ್ಜೀನಿಯಾ, ಪೆನ್ಸಿಲ್ವೇನಿಯಾ, ನಾರ್ತ್ ಕ್ಯಾರೊಲೈನಾದಲ್ಲಿ ನೆಲೆಸಿರುವ ಕನ್ನಡಿಗರು ವಾರಾಂತ್ಯದಲ್ಲಿ ಬೆಟ್ಟ ಹತ್ತುವವರಾದರೆ ಹುಡುಕುವ ಕೆಲಸವನ್ನು ನಾಳೆಯೇ ಶುರುಮಾಡಬಹುದು.

ಗುರುತಿಸುವಾಗ ಆಗುವ ದೊಡ್ಡ ತಪ್ಪೆಂದರೆ ಚೀನೀ ಚೆಸ್ಟ್‌ನಟ್ಟನ್ನು ಅಮೆರಿಕನ್ ಎಂದುಕೊಳ್ಳುವುದು. ಅಮೆರಿಕನ್ ಎಲೆ ಉದ್ದ, ಕಿರಿದು, ಕಾಗದದಷ್ಟು ತೆಳು, ಅಂಚಿನ ಹಲ್ಲುಗಳು ಕೊಕ್ಕೆಯಂತೆ ಬಾಗಿರುತ್ತವೆ, ಅಡಿಭಾಗದಲ್ಲಿ ರೋಮ ಇರುವುದಿಲ್ಲ. ಚೀನೀ ಎಲೆ ದಪ್ಪ, ಹೊಳಪು, ಅಡಿಯಲ್ಲಿ ಬಿಳಿಚು ರೋಮ. ಎಳೆ ಕಡ್ಡಿ ಸವರಿ ನೋಡಿ: ಅಮೆರಿಕನ್ನಿನದು ಕೆಂಗಂದು, ನುಣುಪು, ಮೊಗ್ಗು ಚೂಪಾಗಿ ಹೊರಚಾಚಿರುತ್ತದೆ. ಚೀನೀಯದಕ್ಕೆ ಮೃದುವಾದ ತುಪ್ಪಳ, ಮೊಗ್ಗು ಗುಂಡಗೆ. ಮುಳ್ಳುಕಾಯಿಯೊಳಗೆ ಒಂದೇ ಬೀಜವಿದ್ದರೆ ಅದು ಚಿಂಕಪಿನ್ ಎಂಬ ದಾಯಾದಿ. ಖಾತ್ರಿಗಾಗಿ ಎಲೆಗಳಿರುವ ಒಂದು ಗೇಣು ಕಡ್ಡಿಯನ್ನು ಎರಡು ರಟ್ಟಿನ ನಡುವೆ ಒತ್ತಿ, ಸಿಕ್ಕ ಜಾಗದ ಅಕ್ಷಾಂಶ-ರೇಖಾಂಶ ಬರೆದು ಶಾಖೆಗೆ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ತಲುಪುವಷ್ಟರಲ್ಲಿ ಕೊಳೆತಿರುತ್ತದೆ.

ನೆರಳಿನಲ್ಲಿರುವ ಚಿಗುರು ಹತ್ತಾರು ವರ್ಷ ಕಡ್ಡಿಯಾಗಿಯೇ ಉಳಿದು ಹೂ ಬಿಡುವುದಿಲ್ಲ. ಜಮೀನಿನವರ ಒಪ್ಪಿಗೆ ಪಡೆದು ಸುತ್ತಲಿನ ಮರಗಳನ್ನು ಕಡಿದು ಬಿಸಿಲು ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹೂ ಕಾಣಬಹುದು. ಅದೇ ಬಿಸಿಲಿಗೆ ಚಿಗುರು ದಪ್ಪಗಾಗಿ ಹುಣ್ಣೂ ಬೇಗ ಬರುತ್ತದೆ, ಆದ್ದರಿಂದ ಬಿಸಿಲು ಬಿಟ್ಟ ಮೇಲೆ ಪ್ರತಿ ಜೂನ್‌ನಲ್ಲಿ ಹೋಗಿ ನೋಡಲೇಬೇಕು. ಜಿಂಕೆಗಳು ಎಳೆ ಚಿಗುರನ್ನು ಮೇಯದಂತೆ ತಂತಿಬಲೆ ಸುತ್ತುವುದೂ ಆಗಲೇ ಆಗಬೇಕು.

ಇನ್ನು ಪರಾಗಸ್ಪರ್ಶ. ತಾಳ್ಮೆ ಹೆಚ್ಚು ಬೇಕಾದದ್ದೂ, ತಪ್ಪುಗಳು ಹೆಚ್ಚು ಆಗುವುದೂ ಇಲ್ಲಿಯೇ. ಈ ಮರ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಒಂಟಿ ಮರದಡಿ ಬಿದ್ದ ಮುಳ್ಳುಕಾಯಿ ಬಿಡಿಸಿದರೆ ಒಳಗೆ ಚಪ್ಪಟೆ ಜೊಳ್ಳು. ಗಂಡುತೆನೆಗಳು ಉದ್ದವಾಗಿ ಜೋಲುತ್ತವೆ. ಕೊಂಬೆಯ ತುದಿಯ ಕಡೆ ಮೂಡುವ ಕೆಲವು ತೆನೆಗಳ ಬುಡದಲ್ಲಿ ಮಾತ್ರ ಒಂದೆರಡು ಹಸಿರು ಮುಳ್ಳುಗುಂಡುಗಳು, ಅವೇ ಹೆಣ್ಣುಹೂಗಳು. ಜೂನ್ ನಡುವಿನಿಂದ ಜುಲೈ ಮೊದಲ ಭಾಗದವರೆಗೆ ಹೂವಿನ ಕಾಲ, ಉತ್ತರಕ್ಕೆ ಹೋದಂತೆಲ್ಲ ತಡ. ಹೆಣ್ಣುಹೂವಿನ ತುದಿಯಲ್ಲಿ ಬಿಳಿ ಎಳೆಗಳು ಆಗಷ್ಟೇ ಇಣುಕುವಾಗ, ಸುತ್ತಲಿನ ಗಂಡುತೆನೆಗಳು ಪರಾಗ ಉದುರಿಸುವ ಮೊದಲೇ, ಆ ಕೊಂಬೆಯ ಗಂಡುತೆನೆಗಳನ್ನು ಚಿವುಟಬೇಕು. ಹೆಣ್ಣುಹೂವಿರುವ ತೆನೆಯ ಗಂಡುಭಾಗವನ್ನೂ ಕತ್ತರಿಸಿ, ಮೆಕ್ಕೆಜೋಳದ ತಳಿಸಂಕರಕ್ಕೆ ಬಳಸುವಂಥ ಮೇಣಗಾಗದದ ಚೀಲ ಹಾಕಿ ಬಾಯಿಯನ್ನು ಕೊಂಬೆಗೆ ಬಿಗಿಯಾಗಿ ಕಟ್ಟಬೇಕು. ಎರಡು ದಿನ ತಡವಾದರೆ ಗಾಳಿಯಲ್ಲಿ ಬಂದ ಪರಾಗ ನಿಮಗಿಂತ ಮೊದಲು ಅಲ್ಲಿ ಇಳಿದಿರುತ್ತದೆ. ಪಕ್ಕದ ತೋಟದಲ್ಲಿ ಚೀನೀ ಮರವಿದ್ದರೆ ಬೀಜ ಕೆಟ್ಟಿತೆಂದೇ ಲೆಕ್ಕ.

ಸುಮಾರು 10ರಿಂದ 14 ದಿನಗಳ ನಂತರ ಚೀಲ ಬಿಚ್ಚಿ ನೋಡಿದರೆ ಬಿಳಿ ಎಳೆಗಳು ಹರಡಿ ನಿಂತಿರುತ್ತವೆ. ಆಯ್ದ ತಂದೆಮರದ ಪರಾಗವನ್ನು ಗಾಜಿನ ಸ್ಲೈಡಿನ ಅಂಚಿನಲ್ಲಿ ತೆಗೆದುಕೊಂಡು ಪ್ರತಿ ಹೂವಿಗೂ ಸವರಿ, ತಕ್ಷಣ ಚೀಲ ಮತ್ತೆ ಕಟ್ಟಬೇಕು. ತಾಜಾ ತೆನೆಯನ್ನೇ ಉಜ್ಜಿದರೂ ನಡೆಯುತ್ತದೆ. ಪರಾಗ ಕೂಡಿಡುವುದಾದರೆ ತೆನೆಗಳನ್ನು ಗಾಳಿ ಬೀಸದ ಒಣ ಕೋಣೆಯಲ್ಲಿ ಕಾಗದದ ಮೇಲೆ ಹರವಿ, ಉದುರಿದ್ದನ್ನು ಜರಡಿ ಹಿಡಿದು, ಸಿಲಿಕಾ ಹರಳುಗಳ ಜೊತೆ ಬಿಗಿ ಸೀಸೆಯಲ್ಲಿ ಫ್ರೀಜರ್‌ನಲ್ಲಿಡಬೇಕು. ತೇವ ಸೇರಿದರೆ ಅದು ಬರೀ ಧೂಳು. ಹತ್ತು ಚೀಲಕ್ಕೆ ಒಂದನ್ನು ಪರಾಗ ಹಾಕದೆ ಹಾಗೇ ಬಿಡಿ. ಅದರಲ್ಲೂ ತುಂಬಿದ ಬೀಜ ಸಿಕ್ಕರೆ ಚೀಲ ಹಾಕಿದ್ದು ತಡವಾಯಿತು ಎಂದರ್ಥ, ಉಳಿದ ಒಂಬತ್ತನ್ನೂ ಅನುಮಾನದಿಂದ ನೋಡಬೇಕಾಗುತ್ತದೆ. ಸಮಯ ಉಳಿಸಲು ಹಲವರು ಈ ಹೆಜ್ಜೆಯನ್ನೇ ಬಿಡುತ್ತಾರೆ. ಇದನ್ನು ಬಿಟ್ಟರೆ ಇಡೀ ವರ್ಷದ ದಾಖಲೆಗೆ ಆಧಾರವೇ ಇರುವುದಿಲ್ಲ.

ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಮುಳ್ಳುಕಾಯಿ ಹಳದಿಯಾಗಿ ಬಿರಿಯತೊಡಗುತ್ತದೆ. ದಪ್ಪ ಚರ್ಮದ ಕೈಗವಸಿಲ್ಲದೆ ಮುಟ್ಟಬೇಡಿ. ಒಳಗಿನ ಮೂರು ಬೀಜಗಳಲ್ಲಿ ಗಟ್ಟಿಯಾದವನ್ನು ಆರಿಸಿ ನೀರಿಗೆ ಹಾಕಿದರೆ ಜೊಳ್ಳು ಮತ್ತು ಹುಳುಕು ತೇಲುತ್ತವೆ. ಮೂತಿಹುಳುವಿನ ಮೊಟ್ಟೆ ಹೊತ್ತ ಬೀಜ ಮುಳುಗುವುದೂ ಉಂಟು. ಹುಳುವಿನ ಕಾಟ ಇರುವ ಕಡೆ 49 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ ತಣಿಸಬೇಕು. ಥರ್ಮಾಮೀಟರ್ ಇಟ್ಟೇ ಮಾಡಿ, ಬಿಸಿ ಹೆಚ್ಚಾದರೆ ಮೊಳಕೆಯೇ ಬೆಂದುಹೋಗುತ್ತದೆ. ಆಮೇಲೆ ಪೀಟ್ ಮಾಸ್ ಎಂಬ ಪಾಚಿಪುಡಿಯನ್ನು ಹಸಿಮಾಡಿ ಅದರ ಜೊತೆ ತೂತು ಮಾಡಿದ ಚೀಲದಲ್ಲಿ ತುಂಬಿ ಫ್ರಿಜ್‌ನಲ್ಲಿ 1ರಿಂದ 4 ಡಿಗ್ರಿಯಲ್ಲಿ ಎರಡು-ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಇಡಬೇಕು, ಈ ಚಳಿ ಸಿಗದೆ ಬೀಜ ಸರಿಯಾಗಿ ಮೊಳೆಯದು. ಪೀಟ್ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಡಿಸೆಂಬರ್ ಹೊತ್ತಿಗೆ ಬೂಷ್ಟು ಗ್ಯಾರಂಟಿ.

ನೆಡಲು ಏಪ್ರಿಲ್. ಬೀಜವನ್ನು ಒಂದು ಅಂಗುಲ ಆಳದಲ್ಲಿ ಅಡ್ಡ ಮಲಗಿಸಿ, ಬೇರಿನ ಮೊಳಕೆ ಬಂದಿದ್ದರೆ ಅದು ಕೆಳಮುಖವಾಗಿರಲಿ. ಮಣ್ಣು ಹುಳಿಯಾಗಿರಬೇಕು, ಪಿಎಚ್ 4.5ರಿಂದ 6.5. ಸುಣ್ಣದ ನೆಲದಲ್ಲಿ ಎಲೆ ಬಿಳಚಿ ಗಿಡ ಕುಗ್ಗುತ್ತದೆ. ಕುಂಡವಾದರೆ ಅಗಲಕ್ಕಿಂತ ಆಳ ಮುಖ್ಯ, ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದರೆ ಆ ಗಿಡ ಮುಂದೆ ನೆಟ್ಟಗಾಗದು. ಪ್ರತಿ ಗಿಡಕ್ಕೂ ಪ್ಲಾಸ್ಟಿಕ್ ಕೊಳವೆ, ಅದರ ಬುಡ ಎರಡಂಗುಲ ಮಣ್ಣಿನೊಳಗಿರಲಿ. ಇಲ್ಲದಿದ್ದರೆ ಇಲಿಗಳು ಮೊದಲ ವಾರವೇ ಬೀಜ ಕದಿಯುತ್ತವೆ, ಚಳಿಗಾಲದಲ್ಲಿ ತೊಗಟೆ ಕೊರೆಯುತ್ತವೆ. ಮೂರಡಿ ಸುತ್ತ ಕಳೆ ಬೇಡ. ಜುಲೈ ನಡುವಿನ ನಂತರ ಗೊಬ್ಬರ ಕೊಡಬೇಡಿ, ತಡವಾಗಿ ಬಂದ ಎಳೆ ಬೆಳವಣಿಗೆ ಹಿಮಕ್ಕೆ ಕಪ್ಪಾಗುತ್ತದೆ.

ಜಾಗ ಆರಿಸುವಾಗ ಮಲೆನಾಡಿನವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೊರಾ ಕುಲದ ಜೀವಿ. ಅದೇ ಕುಲದ ಫೈಟಾಫ್ತೊರಾ ಸಿನ್ನಮೊಮಿ ದಕ್ಷಿಣ ರಾಜ್ಯಗಳ ಮಣ್ಣಿನಲ್ಲಿ ಕೂತು ಚೆಸ್ಟ್‌ನಟ್ ಬೇರನ್ನು ಕೊಳೆಸುತ್ತದೆ. ಹುಣ್ಣಾದರೆ ಬೇರಾದರೂ ಉಳಿಯುತ್ತದೆ, ಇದು ಬಂದರೆ ಅದೂ ಇಲ್ಲ. ನೀರು ನಿಲ್ಲುವ, ಜಿಗುಟು ಮಣ್ಣಿನ ತಗ್ಗು ಬಿಟ್ಟುಬಿಡಿ, ಇಳಿಜಾರು ಹಿಡಿಯಿರಿ. ರೋಗವಿರುವ ತೋಟದಿಂದ ಬಂದವರ ಬೂಟು, ಗುದ್ದಲಿ ತೊಳೆಯದೆ ಒಳಗೆ ಬಿಡಬೇಡಿ.

ಹುಣ್ಣು ಹೇಗೂ ಬರುತ್ತದೆ. ಓಕ್ ಮರಗಳ ಮೇಲೂ ಬದುಕುವ ಶಿಲೀಂಧ್ರವನ್ನು ಕಾಡಿನಿಂದ ಓಡಿಸಲಾಗದು. ತೊಗಟೆ ಕುಸಿದ ಅಥವಾ ಉಬ್ಬಿ ಸೀಳಿದ ಜಾಗ, ಅದರ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಹುಣ್ಣಿನ ಕೆಳಗೆ ಒತ್ತಾಗಿ ಎದ್ದ ಚಿಗುರು ಅದರ ಗುರುತು. ಬೇಕಾದ ತಾಯಿಗಿಡವಾದರೆ ಅದೇ ಗಿಡದ ಬುಡದ ಮಣ್ಣನ್ನು ಕೆಸರು ಮಾಡಿ, ಹುಣ್ಣು ಮುಚ್ಚಿ ಮೇಲೆ ಕೆಳಗೆ ಸಾಕಷ್ಟು ದಾಟುವಂತೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ತಿಂಗಳಾದರೂ ಬಿಡಬೇಕು. ಬೇರನ್ನು ಕಾಯುವ ಅದೇ ಸೂಕ್ಷ್ಮಜೀವಿಗಳು ಇಲ್ಲೂ ಕೆಲಸ ಮಾಡುತ್ತವೆ. ಆ ಹುಣ್ಣು ಮಾಯುತ್ತದೆ, ಆದರೆ ಎಟುಕದ ಎತ್ತರದಲ್ಲಿ ಇನ್ನೊಂದು ಏಳುತ್ತದೆ. ಎರಡು-ಮೂರು ಹೂವಿನ ಕಾಲ ಸಿಕ್ಕರೆ ಸಾಕು ಎಂದು ಮಾಡುವ ಉಪಚಾರ ಇದು.

ರೋಗನಿರೋಧಕ ತಳಿಯ ದಾರಿ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಚೀನೀ ಮರದೊಂದಿಗೆ ಕೂಡಿಸಿ, ಮತ್ತೆ ಮತ್ತೆ ಅಮೆರಿಕನ್ನಿಗೇ ಮರುಸಂಕರ ಮಾಡುತ್ತಾ 16ರಲ್ಲಿ 15 ಪಾಲು ಅಮೆರಿಕನ್ ಆದ ಮರಗಳನ್ನು ವರ್ಜೀನಿಯಾದ ಮೆಡೋವ್ಯೂ ತೋಟದಲ್ಲಿ ಬೆಳೆಸಿದರು. ನಿರೋಧಕತೆ ಎರಡು-ಮೂರು ಜೀನ್‌ಗಳಲ್ಲಿದೆ ಎಂಬ ಲೆಕ್ಕ ತಪ್ಪಿತ್ತು, ಅದು ಹಲವು ಜೀನ್‌ಗಳಲ್ಲಿ ಹಂಚಿಹೋಗಿದೆ. ಆಕ್ಸಾಲಿಕ್ ಆಮ್ಲವನ್ನು ಒಡೆಯುವ ಗೋಧಿಯ ಜೀನ್ ಸೇರಿಸಿದ ಡಾರ್ಲಿಂಗ್ ಮರಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಫೌಂಡೇಶನ್ 2023ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು: ಡಾರ್ಲಿಂಗ್ 58 ಎಂದು ಬೆಳೆಸಿದ್ದವು ನಿಜಕ್ಕೂ ಡಾರ್ಲಿಂಗ್ 54 ಎಂಬ ಬೇರೆ ಸಾಲಿನವು ಎಂದು ಗೊತ್ತಾಗಿತ್ತು, ಬೆಳವಣಿಗೆಯಲ್ಲೂ ಕೊರತೆ ಕಂಡಿತ್ತು. ಯಾವುದು ಯಾವ ಸಾಲಿನ ಮರ ಎಂಬ ಗುರುತು ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಆದ್ದರಿಂದ ಚೀಲ ಕಟ್ಟಿದ ದಿನದಿಂದಲೇ ತಾಯಿಯ ಸಂಖ್ಯೆ, ತಂದೆಯ ಸಂಖ್ಯೆ, ವರ್ಷ ಮೂರನ್ನೂ ಬರೆಯಿರಿ. ಪೆನ್ನಿನ ಶಾಯಿ ಒಂದೇ ಬೇಸಿಗೆಯಲ್ಲಿ ಮಾಸುತ್ತದೆ, ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಒತ್ತಿ ಬರೆದದ್ದು ಉಳಿಯುತ್ತದೆ. ತಗಡನ್ನು ಕಾಂಡಕ್ಕೆ ತಂತಿಯಲ್ಲಿ ಬಿಗಿಯಬೇಡಿ, ಕಾಂಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿದು ಗಾಯವಾಗುತ್ತದೆ, ಶಿಲೀಂಧ್ರಕ್ಕೆ ಅಷ್ಟೇ ಸಾಕು. ಪಕ್ಕದ ಗೂಟಕ್ಕೆ ಕಟ್ಟಿ, ಸಾಲು ಮತ್ತು ಗಿಡದ ಸಂಖ್ಯೆಯ ನಕ್ಷೆಯೊಂದನ್ನು ಕಾಗದದಲ್ಲೂ ಬರೆದು ಮನೆಯಲ್ಲಿಡಿ.