ಪೋಲೋಗೆ ಪ್ಯಾಡಲ್ ಹಾಕಿಸಿಕೊಂಡು ಆಗುಂಬೆ ಇಳಿದದ್ದು

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್‌ಗೆ ಮುಂದಿನ ರಸ್ತೆ ಕಾಣುವುದಿಲ್ಲ. ಗಾಡಿ ಎಷ್ಟು ಸ್ಪೀಡಿನಲ್ಲಿದೆ, ಎಕ್ಸಲೇಟರ್ ಎಷ್ಟು ಒತ್ತಿದ್ದಾರೆ, ಎಂಜಿನ್ ಎಷ್ಟು ತಿರುಗುತ್ತಿದೆ, ಇಂಥದ್ದಷ್ಟೇ ಅದಕ್ಕೆ ಗೊತ್ತು. ಇನ್ನು ಐವತ್ತು ಮೀಟರಿಗೆ ಹೇರ್‌ಪಿನ್ ತಿರುವು ಬರುತ್ತದೆ, ಅದರಾಚೆ ಒಂದು ಮಿನಿ ಬಸ್ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದೆ ಅನ್ನುವುದು ಡ್ರೈವರ್‌ಗೆ ಮಾತ್ರ ಗೊತ್ತು. ಊರೊಳಗೆ ಇದರಿಂದ ಏನೂ ತೊಂದರೆಯಿಲ್ಲ. ಘಾಟಿ ಇಳಿಯುವಾಗ ಮಾತ್ರ ಇದು ದೊಡ್ಡ ವಿಷಯ.

ನನ್ನದು 2016ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೋ ಪೆಟ್ರೋಲ್ ಎಂಜಿನ್, 105 ಹಾರ್ಸ್‌ಪವರ್, ಏಳು ಗೇರಿನ ಡಿಎಸ್‌ಜಿ. ಈ ಡಿಎಸ್‌ಜಿ ಒಳಗೆ ಎರಡು ಕ್ಲಚ್ ಇವೆ. ಒಂದು, ಮೂರು, ಐದು, ಏಳು ಗೇರುಗಳಿಗೆ ಒಂದು ಕ್ಲಚ್. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕನ್ನು ಸಿದ್ಧ ಮಾಡಿ ಇಟ್ಟುಕೊಂಡಿರುತ್ತದೆ. ಬದಲಾಯಿಸುವಾಗ ಒಂದು ಕ್ಲಚ್ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ಅಷ್ಟೇ. ಇಷ್ಟು ಚುರುಕಾದ ಗೇರ್‌ಬಾಕ್ಸ್ ಇದ್ದರೂ ನಮ್ಮಲ್ಲಿ ಮಾರಿದ ಈ ಕಾರಿನ ಸ್ಟೀರಿಂಗಿನಲ್ಲಿ ಪ್ಯಾಡಲ್, ಅಂದರೆ ಬೆರಳಿನಿಂದ ಎಳೆದು ಗೇರ್ ಬದಲಾಯಿಸುವ ಸಣ್ಣ ಹಿಡಿ, ಇರಲಿಲ್ಲ. ಗೇರ್ ನಾವೇ ಬದಲಾಯಿಸಬೇಕು ಅಂದರೆ ಲಿವರನ್ನು ಪಕ್ಕದ ಮ್ಯಾನುಯಲ್ ಜಾಗಕ್ಕೆ ಸರಿಸಿ, ಮುಂದೆ ತಳ್ಳಿದರೆ ಪ್ಲಸ್, ಹಿಂದೆ ಎಳೆದರೆ ಮೈನಸ್.

ನಮ್ಮ ಮನೆ ಹೆಬ್ರಿಯಲ್ಲಿ. ಶಿವಮೊಗ್ಗಕ್ಕೆ ಹೋಗಬೇಕಾದರೆ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲೇಬೇಕು. ಅಪ್ಪ ಇದೇ ದಾರಿಯಲ್ಲಿ ಬಹಳ ವರ್ಷ ಮಿನಿ ಬಸ್ ಓಡಿಸಿದವರು. ಅವರಿಂದ ನಾನು ಮೊದಲು ಕಲಿತದ್ದು, ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು. ಇಳಿಜಾರಿನಲ್ಲಿ ಗಾಡಿಯನ್ನು ಎಂಜಿನ್ ಹಿಡಿದುಕೊಳ್ಳಬೇಕು, ಬ್ರೇಕ್ ಬೇಕಾದಾಗ ಮಾತ್ರ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕ್, ಪ್ಯಾಡ್ ಎಲ್ಲ ಕಾದು ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಕುದಿಯುವಷ್ಟು ಬಿಸಿಯಾದರೆ ಪೆಡಲ್ ಒಳಗೆ ಹೋಗಿಯೇ ಬಿಡುತ್ತದೆ. ರಜೆಯ ದಿನ ಸೋಮೇಶ್ವರದ ಚೆಕ್‌ಪೋಸ್ಟ್ ಹತ್ತಿರ ನಿಂತರೆ ಲೈನರ್ ಸುಟ್ಟ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಆ ಕಾರುಗಳಲ್ಲಿ ಆಟೋಮ್ಯಾಟಿಕ್‌ಗಳೇ ಜಾಸ್ತಿ ಅನ್ನುವುದು ನನ್ನ ಅನಿಸಿಕೆ. ಯಾಕೆಂದರೆ ತಾನೇ ಗೇರ್ ಬದಲಾಯಿಸುವ ಡಿ ಗೇರಿಗೆ ಪೆಟ್ರೋಲ್ ಉಳಿಸುವ ಚಿಂತೆ. ಕಾಲು ಎತ್ತಿದ ಕೂಡಲೇ ಮೇಲಿನ ಗೇರಿಗೆ ಹೋಗಿ ಕೂರುತ್ತದೆ. ಗಾಡಿ ಸುಮ್ನೆ ಜಾರುತ್ತದೆ. ಬ್ರೇಕ್ ಒತ್ತಿದ ಮೇಲೆ ಒಂದು ಗೇರ್ ತಾನೇ ಇಳಿಸಿಕೊಳ್ಳುವುದೂ ಉಂಟು. ಆದರೆ ನಮಗೆ ಅದು ಬೇಕಾಗಿದ್ದದ್ದು ತಿರುವಿಗೆ ಮುಂಚೆ ಅಲ್ವಾ?

ಲಿವರಿನಲ್ಲೇ ಗೇರ್ ಇಳಿಸುತ್ತಾ ನಾನು ಈ ಘಾಟಿಯನ್ನು ಎಷ್ಟೋ ಸಲ ಇಳಿದಿದ್ದೇನೆ. ಕೆಲಸ ಆಗುತ್ತದೆ. ಆದರೆ ಎಡಗೈ ಸ್ಟೀರಿಂಗ್ ಬಿಡಬೇಕು. ಮಳೆಗಾಲದಲ್ಲಿ, ಮಂಜು ಮುಚ್ಚಿದಾಗ, ತಿರುವಿನ ಬಾಯಲ್ಲಿ ಒಂದು ಕೈ ಬಿಡುವುದು ನನಗೆ ಇಷ್ಟವಾಗುತ್ತಿರಲಿಲ್ಲ. ಪ್ಯಾಡಲ್ ಬೇಕು ಅನಿಸಿದ್ದು ಇದಕ್ಕೆ. ಸ್ಪೀಡಿಗೆ ಅಲ್ಲ.

ಹುಡುಕಲು ಶುರು ಮಾಡಿದರೆ ಮೂರು ಥರದ ಸಾಮಾನು ಎದುರಾಗುತ್ತದೆ. ಮೊದಲನೆಯದು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಅಂಟಿಸುವ ಪ್ಯಾಡಲ್. ಅದು ಈಗಾಗಲೇ ಪ್ಯಾಡಲ್ ಇರುವ ಕಾರಿನಲ್ಲಿ ಅದನ್ನು ಉದ್ದ ಮಾಡಲು ಇರುವ ತುಂಡು. ಪ್ಯಾಡಲ್ ಇಲ್ಲದ ಕಾರಿಗೆ ಅಂಟಿಸಿದರೆ ಬರೀ ಅಲಂಕಾರ. ಎರಡನೆಯದು, ಲಿವರ್ ಬುಡದಲ್ಲಿರುವ ಪ್ಲಸ್ ಮೈನಸ್ ಸ್ವಿಚ್ಚಿನ ವೈರಿಗೆ ಕೊಂಡಿ ಹಾಕಿ ಸ್ಟೀರಿಂಗ್‌ವರೆಗೆ ಎಳೆಯುವುದು. ಕೆಲವು ಕಂಪನಿಗಳ ಕಾರಿಗೆ ಇದು ಹೊಂದುತ್ತದೆ, ಲಿವರ್ ಮ್ಯಾನುಯಲ್ ಜಾಗದಲ್ಲಿ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಮೂರನೆಯದು ಕಂಪನಿಯವರೇ ಬೇರೆ ಮಾಡೆಲ್‌ಗಳಲ್ಲಿ ಕೊಟ್ಟಿರುವ ವ್ಯವಸ್ಥೆಯನ್ನು ಹಾಗೇ ತಂದು ಕೂರಿಸುವುದು. ನನ್ನ ಕಾರಿಗೆ ಸರಿಯಾದದ್ದು ಇದೇ. ಇದರಲ್ಲಿ ಗೇರ್‌ಬಾಕ್ಸ್‌ವರೆಗೆ ಹೊಸ ವೈರ್ ಎಳೆಯುವ ಕೆಲಸವೇ ಇಲ್ಲ. ಪ್ಯಾಡಲ್ ಎಳೆದರೆ ಸುದ್ದಿ ಸ್ಟೀರಿಂಗ್ ಒಳಗಿನ ಸಣ್ಣ ಮಾಡ್ಯೂಲಿಗೆ ಹೋಗುತ್ತದೆ. ಅಲ್ಲಿಂದ ಸ್ಟೀರಿಂಗ್ ಕಾಲಮ್ಮಿನ ಕಂಪ್ಯೂಟರಿಗೆ, ಅದು ಕಾರಿನ ಒಳಗಿನ ಡೇಟಾ ಲೈನಿನಲ್ಲಿ ಗೇರ್‌ಬಾಕ್ಸಿಗೆ ಮುಟ್ಟಿಸುತ್ತದೆ. ದಾರಿ ಮೊದಲೇ ಇದೆ. ಪ್ಯಾಡಲ್ ಇದೆ ಎಂದು ಆ ಕಂಪ್ಯೂಟರಿಗೆ ತಿಳಿಸಬೇಕು, ಅದೇ ಕೋಡಿಂಗ್.

ಪ್ಯಾಡಲ್ ಇರುವ ಸೆಕೆಂಡ್ ಹ್ಯಾಂಡ್ ಸ್ಟೀರಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಯಿಂದ ಬಂತು. ಮಾಡ್ಯೂಲ್ ನಂಬರ್ ಹೊಂದುತ್ತದೆಯೇ ಎಂದು ಫೋಟೋ ತರಿಸಿ ನೋಡಿಯೇ ದುಡ್ಡು ಕಳಿಸಿದ್ದೆ. ಜೊತೆಗೆ ಏರ್‌ಬ್ಯಾಗ್ ಕೂಡ ಕೊಡುತ್ತೇನೆ, ಸ್ವಲ್ಪ ಸೇರಿಸಿ ಕೊಡಿ ಅಂದರು. ನಾನು ಬೇಡ ಅಂದೆ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಅಪಘಾತವಾದ ಗಾಡಿಯಿಂದ ತೆಗೆದದ್ದೋ, ನೀರಲ್ಲಿ ಮುಳುಗಿದ್ದೋ, ಒಮ್ಮೆ ಒಡೆದದ್ದಕ್ಕೆ ಹೊಸ ಮುಚ್ಚಳ ಹಾಕಿದ್ದೋ, ಹೊರಗಿನಿಂದ ಹೇಗೆ ಗೊತ್ತಾಗಬೇಕು? ನನ್ನ ಹಳೆಯ ಏರ್‌ಬ್ಯಾಗೇ ಕೂರುವಂಥ ಸ್ಟೀರಿಂಗ್ ಸಿಗುವವರೆಗೆ ಕಾದಿದ್ದೆ.

ಶಿವಮೊಗ್ಗದಲ್ಲಿ ಈ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಚೆನ್ನಾಗಿ ಬಲ್ಲ ಒಬ್ಬರಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಬನ್ನಿ ಸರ್ ಅಂದರು. ಅಪ್ಪನೂ ನಾನೂ ಹೊರಟೆವು. ಅಪ್ಪನಿಗೆ ಸ್ಟೀರಿಂಗ್ ಬಿಚ್ಚುತ್ತಾರೆ ಅನ್ನುವುದೇ ಹಿಡಿಸಿರಲಿಲ್ಲ. ತೀರ್ಥಹಳ್ಳಿಯಲ್ಲಿ ತಿಂಡಿ ತಿನ್ನುವಾಗಲೂ ಅದನ್ನೇ ಹೇಳುತ್ತಿದ್ದರು. "ಕಂಪನಿಯಿಂದ ಬಂದ ಸ್ಟೀರಿಂಗನ್ನು ಯಾಕೆ ಮುಟ್ಟಬೇಕು ಮಗಾ?"

ಆ ಎಲೆಕ್ಟ್ರಿಷಿಯನ್ ಅಣ್ಣ ಮೊದಲು ಮಾಡಿದ ಕೆಲಸ ಚಕ್ರ ನೇರ ಮಾಡಿಸಿ ನಿಲ್ಲಿಸಿದ್ದು. ಆಮೇಲೆ ಸ್ಕ್ಯಾನರ್ ಹಾಕಿ ಕಾರಿನಲ್ಲಿ ಈಗ ಇರುವ ಎರರ್ ಏನು, ಈಗಿನ ಕೋಡಿಂಗ್ ಏನು ಎಂದು ನೋಡಿ ಎಲ್ಲದರ ಫೋಟೋ ಹಿಡಿದುಕೊಂಡರು. ನಂತರ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಟೀ ತರಿಸಿದರು. ಆ ಟೀ ಹೊತ್ತು ಸುಮ್ನೆ ಅಲ್ಲ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಕಂಟ್ರೋಲರಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಅದು ಖಾಲಿಯಾಗುವವರೆಗೆ ಕೈ ಹಾಕಬಾರದು. ಏರ್‌ಬ್ಯಾಗ್ ವೈರಿಗೆ ಮಲ್ಟಿಮೀಟರ್ ಇಡಬಾರದು, ಟೆಸ್ಟ್ ಲ್ಯಾಂಪ್ ಅಂತೂ ಇಡಲೇಬಾರದು. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿಯೇ ಇಡಬೇಕು. ಮುಖ ಕೆಳಗಿದ್ದು ಅಕಸ್ಮಾತ್ ಸಿಡಿದರೆ ಇಡೀ ಪೆಟ್ಟಿಗೆ ಮೇಲಕ್ಕೆ ಹಾರುತ್ತದೆ. ಅಣ್ಣ ಇದೆಲ್ಲವನ್ನೂ ಒಂದನ್ನೂ ಬಿಡದೆ ಮಾಡುತ್ತಿದ್ದುದನ್ನು ನೋಡಿ ಅಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಸ್ಟೀರಿಂಗ್ ಹಿಂದಿನ ತೂತಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಸ್ಪ್ರಿಂಗ್ ಒತ್ತಿದರೆ ಏರ್‌ಬ್ಯಾಗ್ ಒಂದೊಂದೇ ಬದಿಯಿಂದ ಬಿಟ್ಟುಕೊಳ್ಳುತ್ತದೆ. ಒಳಗೆ ನಡುವಿನಲ್ಲಿ ಒಂದೇ ದಪ್ಪ ಬೋಲ್ಟ್. ಅದನ್ನು ಬಿಚ್ಚಿ, ಹಳೆಯ ಸ್ಟೀರಿಂಗ್ ಯಾವ ಹಲ್ಲಿನಲ್ಲಿ ಕೂತಿತ್ತು ಎಂದು ಗುರುತು ಹಾಕಿ ಎಳೆದರು. ಅದರ ಹಿಂದೆ ಇರುವುದು ಕ್ಲಾಕ್ ಸ್ಪ್ರಿಂಗ್, ಸುರುಳಿ ಸುತ್ತಿದ ತೆಳ್ಳನೆಯ ಪಟ್ಟಿ ವೈರ್. ಸ್ಟೀರಿಂಗ್ ಎಷ್ಟು ತಿರುಗಿದರೂ ಏರ್‌ಬ್ಯಾಗಿಗೂ ಹಾರ್ನಿಗೂ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದು ಇದೇ. ಸ್ಟೀರಿಂಗ್ ತೆಗೆದಾಗ ಇದನ್ನು ಕೈಯಿಂದ ತಿರುಗಿಸಿಬಿಟ್ಟರೆ, ಆಮೇಲೆ ಪೂರ್ತಿ ತಿರುಗಿಸಿದಾಗ ಹರಿದುಹೋಗುತ್ತದೆ. ಅಣ್ಣ ಅದಕ್ಕೆ ಟೇಪ್ ಹಚ್ಚಿ ಅಲುಗಾಡದಂತೆ ಮಾಡಿದರು.

ಬೋಲ್ಟ್ ಬಿಗಿಯುವಾಗ ನಾನು ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ವ್ರೆಂಚ್ ಬೇಕೇ ಬೇಕು ಅಂದೆ. ಅವರು ಆಗಲೇ ತಂದಿಟ್ಟಿದ್ದರು. ಆಗ ನನಗೆ 1989ರ ಬ್ರೆಜಿಲ್ ರೇಸ್ ನೆನಪಾಗಿ ಇಬ್ಬರಿಗೂ ಹೇಳಿದೆ. ಫಾರ್ಮುಲಾ ಒನ್‌ನಲ್ಲಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇಟ್ಟು ರೇಸಿಗೆ ಇಳಿದ ಮೊದಲ ಕಾರು ಫೆರಾರಿ 640. ಜಾನ್ ಬಾರ್ನಾರ್ಡ್ ರೂಪಿಸಿದ್ದು. ಪ್ರಾಕ್ಟೀಸಿನಲ್ಲಿ ಆ ಗೇರ್‌ಬಾಕ್ಸ್ ಕೈಕೊಡುತ್ತಲೇ ಇತ್ತು, ರೇಸ್ ಮುಗಿಸುತ್ತದೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ನೈಜೆಲ್ ಮ್ಯಾನ್ಸೆಲ್ ಆ ಮೊದಲ ರೇಸನ್ನೇ ಗೆದ್ದರು. ಅದೂ ನಡುವೆ ಸ್ಟೀರಿಂಗ್ ಸಡಿಲವಾಗಿ, ಪಿಟ್‌ಗೆ ಬಂದು ಬೇರೆ ಸ್ಟೀರಿಂಗ್ ಹಾಕಿಸಿಕೊಂಡು ಹೋಗಿ! ರಸ್ತೆಯ ಕಾರಿಗೆ ಇದು ಬಂದದ್ದು 1997ರಲ್ಲಿ, ಫೆರಾರಿಯ ಎಫ್355 ಮೂಲಕ. ಅಪ್ಪ ಕೇಳಿಸಿಕೊಂಡು, "ಹಾಗಾದ್ರೆ ಬೋಲ್ಟ್ ಇನ್ನೊಮ್ಮೆ ನೋಡಿ ಮಾರಾಯ್ರೆ" ಅಂದರು. ಅಣ್ಣ ನಿಜವಾಗಿಯೂ ಇನ್ನೊಮ್ಮೆ ವ್ರೆಂಚ್ ಇಟ್ಟು ಕ್ಲಿಕ್ ಶಬ್ದ ಕೇಳಿಸಿದರು.

ಬ್ಯಾಟರಿ ಕೂಡಿಸಿ ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಆರಲಿಲ್ಲ. ಡ್ರೈವರ್ ಏರ್‌ಬ್ಯಾಗಿನ ರೆಸಿಸ್ಟೆನ್ಸ್ ಹೆಚ್ಚಿದೆ ಎಂದು ಸ್ಕ್ಯಾನರ್ ತೋರಿಸಿತು. ಎರರ್ ಅಳಿಸಿದರೆ ಮತ್ತೆ ಬಂತು. ಇಗ್ನಿಷನ್ ಆಫ್, ಬ್ಯಾಟರಿ ಮತ್ತೆ ಹೊರಗೆ, ಮತ್ತೆ ಕಾಯುವುದು. ಬಿಚ್ಚಿ ನೋಡಿದರೆ ಕನೆಕ್ಟರಿನ ಲಾಕ್ ಪೂರ್ತಿ ಕೂತಿರಲಿಲ್ಲ, ಒಂದು ಕೂದಲೆಳೆಯಷ್ಟು ಹೊರಗಿತ್ತು. ಒತ್ತಿ ಕೂರಿಸಿದ ಮೇಲೆ ದೀಪ ಆರಿತು. ದೀಪ ಉರಿಯುತ್ತಿದ್ದರೂ ಪರವಾಗಿಲ್ಲ ಎಂದು ಗಾಡಿ ಒಯ್ಯುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ದೀಪ ಉರಿಯುತ್ತಿದ್ದರೆ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯದೇ ಇರಬಹುದು.

ಕೋಡಿಂಗ್ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಟೀರಿಂಗ್ ಎಲೆಕ್ಟ್ರಾನಿಕ್ಸ್ ಮಾಡ್ಯೂಲಿಗೆ ಹೋಗಿ ಪ್ಯಾಡಲ್ ಇದೆ ಎಂದು ಬದಲಾಯಿಸಿದರು. ನಾನು ಎಡದ ಪ್ಯಾಡಲ್ ಎಳೆದಾಗ ಲ್ಯಾಪ್‌ಟಾಪ್ ಪರದೆಯಲ್ಲಿ ಅದು ಒತ್ತಿದ್ದು ಕಾಣಿಸಿತು. ಇಎಸ್‌ಪಿ ದೀಪ, ಅಂದರೆ ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆಯ ದೀಪ, ಉರಿಯುತ್ತಿತ್ತು, ಅದು ಬ್ಯಾಟರಿ ತೆಗೆದದ್ದಕ್ಕೆ. ಸ್ಟೀರಿಂಗ್ ಎರಡೂ ಬದಿಗೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿದ ಮೇಲೆ ಹೋಯಿತು. ಸ್ಟೀರಿಂಗ್, ಕೂಲಿ ಎಲ್ಲ ಸೇರಿ ಸುಮಾರು 20 ಸಾವಿರ ರೂಪಾಯಿ ಆಯಿತು.

ವಾಪಸ್ ಬರುವಾಗ ತೀರ್ಥಹಳ್ಳಿವರೆಗಿನ ದಾರಿಯಲ್ಲಿ ಕೈ ಪಳಗಿತು. ಡಿಯಲ್ಲಿ ಹೋಗುತ್ತಿರುವಾಗ ಪ್ಯಾಡಲ್ ಎಳೆದರೆ ಗೇರ್‌ಬಾಕ್ಸ್ ಸ್ವಲ್ಪ ಹೊತ್ತು ನಮ್ಮ ಮಾತು ಕೇಳಿ, ಮತ್ತೆ ತನ್ನ ಪಾಡಿಗೆ ಹೋಗುತ್ತದೆ. ಅದು ಬೇಗ ತನ್ನ ಪಾಡಿಗೆ ಮರಳಬೇಕಾದರೆ ಬಲಗಡೆಯ ಪ್ಲಸ್ ಪ್ಯಾಡಲನ್ನು ಒಂದು ಕ್ಷಣ ಹಿಡಿದುಕೊಂಡರೆ ಸಾಕು. ಓವರ್‌ಟೇಕಿಗೆ ಇದು ಚೆನ್ನ. ಘಾಟಿಗೆ ಮಾತ್ರ ಲಿವರನ್ನೇ ಮ್ಯಾನುಯಲ್ ಜಾಗಕ್ಕೆ ಹಾಕಿ ಪ್ಯಾಡಲ್ ಬಳಸಬೇಕು. ಆಗ ಹಾಕಿದ ಗೇರ್ ಸಾಮಾನ್ಯವಾಗಿ ಹಾಕಿದಲ್ಲೇ ಇರುತ್ತದೆ.

ಆಗುಂಬೆ ಸೂರ್ಯಾಸ್ತದ ಜಾಗ ದಾಟಿದ ಮೇಲೆ ಮೂರಕ್ಕೆ ಇಳಿಸಿದೆ. ಮೊದಲ ತಿರುವು ಕಾಣುತ್ತಿದ್ದಂತೆ ಎರಡಕ್ಕೆ. ಎಂಜಿನ್ ಸದ್ದು ಏರಿತು, ಗಾಡಿ ಹಿಂದಿನಿಂದ ಯಾರೋ ಹಿಡಿದುಕೊಂಡಂತೆ ನಿಧಾನವಾಯಿತು. ಎರಡೂ ಕೈ ಸ್ಟೀರಿಂಗ್ ಮೇಲೆ. ಜೋರು ಸದ್ದು ಕೇಳಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಕಾಲು ಎತ್ತಿ ಗೇರಿನಲ್ಲಿ ಇಳಿಯುವಾಗ ಇಂಜೆಕ್ಟರ್‌ಗಳು ಪೆಟ್ರೋಲ್ ನಿಲ್ಲಿಸಿಬಿಡುತ್ತವೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ.

ಒಂದು ವಿಷಯ ಆ 14 ತಿರುವುಗಳು ಬೇಗ ಕಲಿಸುತ್ತವೆ. ಈ ಪ್ಯಾಡಲ್ ಸ್ಟೀರಿಂಗ್ ಜೊತೆಗೇ ತಿರುಗುತ್ತದೆ. ಹೇರ್‌ಪಿನ್ನಿನಲ್ಲಿ ಸ್ಟೀರಿಂಗ್ ಅರ್ಧ ಸುತ್ತು ತಿರುಗಿದಾಗ ಮೈನಸ್ ಬಲಗಡೆ ಇರುತ್ತದೆ, ಪ್ಲಸ್ ಎಡಗಡೆ. ಫೆರಾರಿಯಲ್ಲಿ, ಮಿತ್ಸುಬಿಷಿಯ ಕೆಲವು ಕಾರುಗಳಲ್ಲಿ ಪ್ಯಾಡಲ್ ಕಾಲಮ್ಮಿಗೆ ಅಂಟಿಕೊಂಡಿದ್ದು ಇದ್ದಲ್ಲೇ ಇರುತ್ತದೆ. ನಮ್ಮಂಥ ಕಾರಿನಲ್ಲಿ ತಿರುವಿಗೆ ಮೊದಲೇ ಗೇರ್ ಇಳಿಸಿ ಮುಗಿಸಿರಬೇಕು. ಅಪ್ಪ ಮಿನಿ ಬಸ್ಸಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ತಿರುವಿನೊಳಗೆ ಗೇರ್ ಮುಟ್ಟುತ್ತಿರಲಿಲ್ಲ.

ನಡುವೆ ಒಂದು ಕಡೆ ಅಪ್ಪ ಕೇಳಿದರು, "ಈಗ ತಪ್ಪಿ ಒಂದಕ್ಕೆ ಎಳೆದರೆ?" ಎಳೆದು ತೋರಿಸಿದೆ. ಗೇರ್‌ಬಾಕ್ಸ್ ಒಪ್ಪಲಿಲ್ಲ. ಎಂಜಿನ್ನಿಗೆ ಏಟಾಗುವಷ್ಟು ಸುತ್ತು ಏರುವುದಾದರೆ ಅದು ಗೇರ್ ಇಳಿಸುವುದೇ ಇಲ್ಲ. ಅಪ್ಪ ತಲೆ ಆಡಿಸಿದರು. ಆಮೇಲೆ ನನ್ನ ಬಲಗಾಲನ್ನೇ ನೋಡುತ್ತಾ ಕೂತಿದ್ದರು. ಬ್ರೇಕ್ ಎಷ್ಟು ಸಲ ಒತ್ತುತ್ತೇನೆ ಎಂದು ಲೆಕ್ಕ ಇಡುತ್ತಿದ್ದರು ಅನಿಸುತ್ತದೆ. ಸೋಮೇಶ್ವರದಲ್ಲಿ ಇಳಿದು ಮುಂದಿನ ಚಕ್ರದ ಹತ್ತಿರ ಕೈ ಹಿಡಿದು, "ಬಿಸಿ ಕಡಿಮೆ ಉಂಟು" ಅಂದರು. ಅವರ ಬಾಯಿಂದ ಅಷ್ಟು ಬಂದರೆ ಸಾಕು, ನನಗೆ ಖುಷಿಯಾಯಿತು.

ಈಗ ಚಿಕ್ಕಪ್ಪನ ಮಗ ಅವನ ಕಾರಿಗೂ ಹಾಕಿಸಬೇಕು ಅನ್ನುತ್ತಿದ್ದಾನೆ. ಅವನದು ಎಎಂಟಿ, ಅಂದರೆ ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಾಯಿಸುವ ಥರದ್ದು. ಆ ಮಾಡೆಲಿಗೆ ಕಂಪನಿಯವರು ಎಲ್ಲೂ ಪ್ಯಾಡಲ್ ಕೊಟ್ಟಿಲ್ಲ, ವಾರಂಟಿಯೂ ಇನ್ನೂ ಮುಗಿದಿಲ್ಲ. ನಿನ್ನ ಲಿವರಿನಲ್ಲಿ ಪ್ಲಸ್ ಮೈನಸ್ ಇದೆಯಲ್ಲ, ಘಾಟಿಗೆ ಮೊದಲು ಅದನ್ನೇ ಬಳಸಿ ಕಲಿ ಎಂದಿದ್ದೇನೆ. ಮುಂದಿನ ವಾರ ಅಪ್ಪ ಅವನ ಪಕ್ಕ ಕೂತು ಇಳಿಯುತ್ತಾರಂತೆ.