ತಲೆಯ ಹಿಂದೆ ಬೆರಳಾಡಿಸಿ

ಇವತ್ತು ಬೆಳಿಗ್ಗೆ ಖಡಕ್‌ವಾಸ್ಲಾ ದಾರಿಯ ಬುಟ್ಟಿಯಲ್ಲಿ ಒಂದು ಗೆಂಡೆ ಮೀನು. ಪುಣೆಯ ನಮ್ಮವರೆಲ್ಲ ಕಿವಿರು ಎತ್ತಿ ಕೆಂಪು ನೋಡ್ತಾರೆ. ಅದು ತಾಜಾತನದ ಮಾತಾಯ್ತು.

ನದಿಯಲ್ಲಿ ಚೆನ್ನಾಗಿ ಉಂಡಿತ್ತಾ? ಅದನ್ನ ಬೆನ್ನು ಹೇಳುತ್ತೆ. ತಲೆಯ ಹಿಂದೆ ಮಾಂಸ ಇಳಿದು ಏಣು ಚೂಪಾಗಿದ್ರೆ ಸೊರಗಿದೆ.

ಎಷ್ಟು ಪುಷ್ಟ ಅನ್ನೋದಕ್ಕೆ ಲೆಕ್ಕ ಬೇಕಾ? ಗ್ರಾಂ ತೂಕವನ್ನ 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. ಅಂಕೆ ಹೆಚ್ಚಿದಷ್ಟೂ ಮೀನು ಪುಷ್ಟ. 20 ಸೆಂ.ಮೀ., 80 ಗ್ರಾಂ ಅಂದ್ರೆ 1. ಅದನ್ನೇ 19 ಅಂತ ಅಳೆದ್ರೆ 1.17! ಒಂದು ಸೆಂಟಿಮೀಟರ್ ತಪ್ಪಿಗೆ ಬಡಕಲು ಮೀನು ದಷ್ಟಪುಷ್ಟ. ಬಾಲದ ತುದಿ ಹರಿದಿದ್ರೆ ಕವಲಿನವರೆಗೆ ಅಳೀರಿ, ಹೋಲಿಸೋ ಉಳಿದ ಮೀನುಗಳನ್ನೂ ಹಾಗೇ.

ಮೊಟ್ಟೆ ತುಂಬಿದ ಹೆಣ್ಣು ಮೀನಿನ ತೂಕ ನಂಬಬೇಡಿ. ಗೆಂಡೆಯ ಅಂಕೆಯನ್ನ ಹಾವುಮೀನಿಗೆ ಹೋಲಿಸೋದಂತೂ ಬೇಡವೇ ಬೇಡ.

ಜೀವ ಇದ್ರೆ ಒದ್ದೆ ಕೈಲೇ ಹಿಡೀರಿ, ದಯವಿಟ್ಟು. ಲೋಳೆ ಹೋದ ಜಾಗಕ್ಕೆ ಬೂಸ್ಟು ಬೇಗ ಹತ್ತುತ್ತೆ.