ಕಂಟೇನರ್ ಖಾಲಿ ಬಂದರೆ

ನಮ್ಮ ಲ್ಯಾಬಿನ ಕಲೆಕ್ಷನ್ ರೂಮು ಅಂದರೆ ಬಿಲ್ಲಿಂಗ್ ಕೌಂಟರ್ ಪಕ್ಕದ ಟಾಯ್ಲೆಟ್ಟು. ಚಿಲಕ ಅರ್ಧವೇ ಬೀಳುತ್ತದೆ. ಹೊರಗೆ ಟೋಕನ್ ಕೂಗುವುದೆಲ್ಲ ಒಳಗೆ ಕೇಳುತ್ತದೆ. ಹೊಸ ಮಷೀನಿಗೆ ದುಡ್ಡಿದೆ, ಚಿಲಕಕ್ಕಿಲ್ಲ. ಅಂಥ ಕಡೆ ಹೋಗಿ ಸೆಮೆನ್, ಅಂದರೆ ವೀರ್ಯದ ಸ್ಯಾಂಪಲ್ ಕೊಡಿ ಅನ್ನುತ್ತೇವೆ.

ಜಗಳೂರು ಕಡೆಯವರೊಬ್ಬರು ಹೆಂಡತಿ, ಅಣ್ಣನ ಜೊತೆ ಬಂದಿದ್ದರು. ಒಳಗೆ ಹೋಗಿ ಬಹಳ ಹೊತ್ತಾಯಿತು. ಅಣ್ಣ ಬಾಗಿಲು ಬಡಿದು, "ಏನೋ, ಇನ್ನೂ ಆಗ್ಲಿಲ್ವೇನೋ? ಬಸ್ ಹೋಗುತ್ತೆ" ಅಂದರು. ಕೂತಿದ್ದವರೆಲ್ಲ ಆ ಕಡೆಯೇ ತಿರುಗಿದರು. ಆ ಹೆಣ್ಣುಮಗಳು ತಲೆ ಎತ್ತಲಿಲ್ಲ. ಅಣ್ಣನನ್ನು ಟೀ ಕುಡಿಯಲು ಸಾಗಹಾಕಿದೆ. ಬಾಗಿಲು ತೆರೆದಾಗ ಅಂಗಿ ಬೆವರಲ್ಲಿ ತೊಯ್ದಿತ್ತು, ಕಂಟೇನರ್ ಖಾಲಿ.

ಮೈಕ್ರೋಸ್ಕೋಪ್ ರೂಮಿಗೆ ಕರೆದು ಕೂರಿಸಿದೆ. "ಹಂಗಾದ್ರೆ ನಾನು ಗಂಡಸೇ ಅಲ್ವಾ ಸಾರ್?" ಅಂದರು. ಆಮೇಲೆ ಬಾಯಿಬಿಟ್ಟರು. ಇಂತಿಂಥ ದಿನ ಸೇರಬೇಕು ಅಂತ ಡಾಕ್ಟ್ರು ತಾರೀಕು ಬರೆದುಕೊಟ್ಟಾಗಿನಿಂದ ಮನೆಯಲ್ಲೂ ಹೀಗೇ; ಬೇರೆ ದಿನ ತೊಂದರೆಯಿಲ್ಲ.

ಈ ಕೊನೇ ಮಾತನ್ನು ಡಾಕ್ಟರಿಗೆ ಹೇಳಲೇಬೇಕು ಅಂದೆ. ಒಂದು ದಿನ ಆಗಿ ಇನ್ನೊಂದು ದಿನ ಆಗದಿದ್ದರೆ ಹೆಚ್ಚಾಗಿ ಅದು ಮನಸ್ಸಿನ ಒತ್ತಡ. ನಿಮಿರದಿರುವುದೇ ಬೇರೆ, ವೀರ್ಯಾಣುಗಳ ಕೌಂಟೇ ಬೇರೆ. ನಮ್ಮ ಸಾಫ್ಟ್‌ವೇರಿನಲ್ಲಿ ಇದನ್ನು ಬರೆಯಲು ಜಾಗವೇ ಇಲ್ಲ. 'ಸ್ಯಾಂಪಲ್ ನಾಟ್ ರಿಸೀವ್ಡ್' ಅಂತಷ್ಟೇ ಹೋಗುತ್ತದೆ.

ಮನೆಯಿಂದ ತಂದರೆ ಒಂದು ಗಂಟೆಯೊಳಗೆ ನಮ್ಮ ಕೈಸೇರಬೇಕು. ಜಗಳೂರು ಬಸ್ಸಿನಲ್ಲಿ ಅದು ಆಗದ ಮಾತು. ಲ್ಯಾಬಿರುವ ಈ ಊರಲ್ಲೇ ನೆಂಟರ ಮನೆ ಇದೆ ಅಂದರು. ಹಿಂದಿನ ಸಲ ವೀರ್ಯ ಹೋದಾಗಿನಿಂದ 2ರಿಂದ 7 ದಿನದ ಅಂತರ ನೋಡಿ ಬೇರೆ ದಿನ ಕೊಟ್ಟೆ. ಮಾಮೂಲಿ ಕಾಂಡೋಮ್, ಎಣ್ಣೆ, ಸೋಪು ಬೇಡ, ಫ್ರಿಜ್ಜೂ ಬೇಡ. ಮೈಶಾಖ ತಗಲುವಂತೆ ಒಳಜೇಬಿನಲ್ಲಿಟ್ಟುಕೊಂಡು ಬನ್ನಿ. ಹೆಂಡತಿ ಜೊತೆಗಿದ್ದರೆ ತಪ್ಪೇನಿಲ್ಲ ಅಂತಲೂ ಹೇಳಿದೆ. ತಂದರು.

ಅಣ್ಣ ಫೋನ್ ಮಾಡಿ ರಿಪೋರ್ಟ್ ಕೇಳಿದರು. ಪೇಷೆಂಟ್ ಕೈಗೆ ಮಾತ್ರ ಕೊಡುತ್ತೇವೆ ಅಂದೆ.

ಕೌಂಟ್ ಮಿಲಿಲೀಟರಿಗೆ 16 ಮಿಲಿಯನ್‌ಗಿಂತ ಸ್ವಲ್ಪ ಕಡಿಮೆ ಇತ್ತು. ರಿಪೋರ್ಟಿನಲ್ಲಿ ಅದು ಕೆಂಪಕ್ಷರದಲ್ಲಿ ಬರುತ್ತದೆ, ನೋಡಿದವರ ಎದೆ ಒಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಆ 16 ಪಾಸು-ಫೇಲಿನ ಗೆರೆಯಲ್ಲ. ಪ್ರಯತ್ನಿಸಿದ ವರ್ಷದೊಳಗೇ ಹೆಂಡತಿ ಬಸುರಾದ ಗಂಡಸರಲ್ಲೂ ನೂರಕ್ಕೆ ಐದು ಮಂದಿ ಅದರ ಕೆಳಗಿದ್ದರು. ಇಷ್ಟನ್ನು ಹೇಳಿ, ಈಚೆಗೆ ಜ್ವರ ಬಂದಿತ್ತಾ ಅಂತ ಕೇಳಿದೆ. ಎರಡು ತಿಂಗಳ ಹಿಂದೆ ವಾರಗಟ್ಟಲೆ ಮಲಗಿದ್ದರಂತೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಜ್ವರದ ಪೆಟ್ಟು ಈಗ ಕಾಣುತ್ತಿರಬಹುದು. ಅದನ್ನೂ ಚೀಟಿಯಲ್ಲಿ ಬರೆದು, ಡಾಕ್ಟರಿಗೆ ತೋರಿಸಿ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸೋಣ ಅಂದೆ.